ಒಂಬತ್ತು ಮುಳ್ಳಿನ ಪಿನ್ನಕ್ಕ

ಕಣ್ಣು ಮುಚ್ಚಿಕೊಂಡು ಲ್ಯಾಪ್‌ಟಾಪ್ ಆರಿಸುವವರನ್ನು ನೀವು ಕಂಡಿರಲಿಕ್ಕಿಲ್ಲ. ಪಿನ್ನಕ್ಕ ಹಾಗೇ ಆರಿಸುತ್ತಾರೆ, ಮೋಸವೂ ಹೋಗುವುದಿಲ್ಲ. ಹೋದದ್ದು ಒಂದೇ ಸಲ. ಆ ಒಂದು ಸಲದ ಕತೆ ಇದು. ಇದರಲ್ಲಿ ಉಪ್ಪು ಖಾರ ಬೆರೆಸಿಲ್ಲ, ಬೆರೆಸುವ ಅಗತ್ಯವೇ ಬೀಳಲಿಲ್ಲ.

ಭಾನುವಾರ, ಬೆಳಗಿನ ಐದೂವರೆ. ಗುಜರಿ ಅಂಗಳದ ತಗಡಿನ ಚಾವಣಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ ಪಿನ್ನಕ್ಕ. ವಯಸ್ಸು ಐವತ್ತು ದಾಟಿದೆ. ಎದುರಿಗೆ ಕಚೇರಿಗಳು ಎಸೆದ ಲ್ಯಾಪ್‌ಟಾಪ್‌ಗಳ ರಾಶಿ. ಏಳು ಗಂಟೆಗೆ ಸುತ್ತಿಗೆ ಹಿಡಿದವರು ಬರುತ್ತಾರೆ. ಅವರು ಬಂದ ಮೇಲೆ ಲ್ಯಾಪ್‌ಟಾಪ್ ಇರುವುದಿಲ್ಲ, ತಗಡು ಮತ್ತು ಪ್ಲಾಸ್ಟಿಕ್ ಇರುತ್ತವೆ. ಹಾಗಾಗಿ ಪಿನ್ನಕ್ಕನಿಗೆ ಸಿಗುವುದು ಒಂದೂವರೆ ಗಂಟೆ. ಒಂದನ್ನೆತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ, ಕಣ್ಣು ಮುಚ್ಚುತ್ತಾರೆ, ಹೆಬ್ಬೆರಳನ್ನು ಅದರ ಬೆನ್ನಿನುದ್ದಕ್ಕೂ ಎಳೆಯುತ್ತಾರೆ. ಎರಡು ಸೆಕೆಂಡು. ಇಲ್ಲ, ಎಡಕ್ಕೆ. ಇನ್ನೊಂದು. ಇಲ್ಲ, ಎಡಕ್ಕೆ. ಇಪ್ಪತ್ತೇಳನೆಯದಕ್ಕೆ ಹೆಬ್ಬೆರಳು ನಿಲ್ಲುತ್ತದೆ.

“ಒಂಬತ್ತು ಮುಳ್ಳು. ಮೂರನೇದು ಸೊಟ್ಟಗಿದೆ, ನೆಟ್ಟಗೆ ಮಾಡ್ಬಹುದು,” ಎನ್ನುತ್ತಾರೆ ಕಣ್ಣು ತೆರೆಯದೆ. ಅದು ಬಲಕ್ಕೆ ಹೋಗುತ್ತದೆ. “ಎಲ್ಲರೂ ಲ್ಯಾಪ್‌ಟಾಪಿನ ಮುಖ ನೋಡ್ತಾರೆ. ನಾನು ಬೆನ್ನು ತಡವ್ತೀನಿ.”

ಅವರು ಹುಡುಕುವುದು ಹಳೆಯ ಪೋರ್ಟುಗಳನ್ನು, ಕೇಬಲ್ಲು ಚುಚ್ಚುವ ಬಾಯಿಗಳನ್ನು. ಒಂಬತ್ತು ಪಿನ್ನಿನ ಸೀರಿಯಲ್, ಇಪ್ಪತ್ತೈದು ತೂತಿನ ಪ್ಯಾರಲಲ್, ಹದಿನೈದು ತೂತಿನ ಪರದೆಯ ಪೋರ್ಟು. ಈಗಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಇವು ಯಾವುವೂ ಇಲ್ಲ. ನೂರು ಲ್ಯಾಪ್‌ಟಾಪ್ ತಡವಿದರೆ ಮೂರು ಸಿಗುತ್ತವೆ. ಆ ಮೂರಕ್ಕಾಗಿ ಊರಿನ ಅದೆಷ್ಟೋ ಯಂತ್ರಗಳು ಬಾಯಿ ಕಟ್ಟಿಕೊಂಡು ಕಾಯುತ್ತಿರುತ್ತವೆ.

ಆರು ಗಂಟೆ ಹತ್ತು ನಿಮಿಷಕ್ಕೆ ಫೋನು ಬರುತ್ತದೆ. ಆ ಕಡೆ ಒಬ್ಬ ಮೇಷ್ಟ್ರು. ಅವರದು ಅಂಧ ಮಕ್ಕಳ ಶಾಲೆ, ಅಲ್ಲಿ ಬ್ರೈಲ್ ಮುದ್ರಿಸುವ ಯಂತ್ರ ಇದೆ. ಅದಕ್ಕೆ ಜೋಡಿಸಿದ್ದ ಕಂಪ್ಯೂಟರು ನಿನ್ನೆ ಸತ್ತಿದೆ. ನಾಳೆ ಹತ್ತು ಗಂಟೆಗೆ ಹನ್ನೊಂದು ಮಕ್ಕಳಿಗೆ ವಾರ್ಷಿಕ ಪರೀಕ್ಷೆ, ಪ್ರಶ್ನೆಪತ್ರಿಕೆ ಮುದ್ರಣವಾಗಿಲ್ಲ.

“ಯಾರಾದ್ರೂ ಓದಿ ಹೇಳ್ಬಹುದಲ್ವಾ ಮೇಷ್ಟ್ರೇ?”

“ಹೇಳ್ಬಹುದು ಅಕ್ಕಾ. ಹೋದ ವರ್ಷ ಒಂದ್ಸಲ ಹಾಗೇ ಆಯ್ತು. ನಮ್ಮ ಹುಡುಗಿ ಒಬ್ಬಳು ಹೇಳಿದ್ಲು, ಎರಡನೇ ಸಲ ಓದಿ ಅಂದ್ರೆ ಓದೋರು ನಿಟ್ಟುಸಿರು ಬಿಡ್ತಾರೆ ಸರ್, ಹಾಳೆ ನಿಟ್ಟುಸಿರು ಬಿಡಲ್ಲ ಅಂತ.”

ಪಿನ್ನಕ್ಕ ಕಣ್ಣು ತೆರೆಯುತ್ತಾರೆ. ಹೊಸ ಲ್ಯಾಪ್‌ಟಾಪಿಗೆ ಅಡಾಪ್ಟರ್ ಹಾಕಿ ನೋಡಿದಿರಾ ಎಂದು ಕೇಳುತ್ತಾರೆ. ಮೇಷ್ಟ್ರು ನೋಡಿದ್ದಾರೆ. ಅಡಾಪ್ಟರ್ ಮಾರಿದ ಅಂಗಡಿಯವನ ದನಿಯನ್ನು ಅವರು ಮೂಗಿನ ಸಮೇತ ಅಣಕಿಸುತ್ತಾರೆ: “‘ಸಾರ್, ಇದು ಎಲ್ಲದಕ್ಕೂ ಆಗುತ್ತೆ, ಸುಮ್ನೆ ಚುಚ್ಚಿ.’ ಸುಮ್ನೆ ಚುಚ್ಚಿದ್ವಿ ಅಕ್ಕಾ. ಐದು ಸಾಲು ಸರಿಯಾಗಿ ಬಂತು. ಆಮೇಲೆ ಅಕ್ಷರ ನುಂಗೋಕೆ ಶುರು ಮಾಡ್ತು.”

“ಕೇಬಲ್ಲಿನ ತುದಿ ಹೇಗಿದೆ, ಎಣಿಸಿ ಹೇಳಿ.”

“ತೂತುಗಳು. ಮೇಲಿನ ಸಾಲಲ್ಲಿ ಐದು, ಕೆಳಗೆ ನಾಲ್ಕು. ಎರಡು ಪಕ್ಕದಲ್ಲೂ ತಿರುಪು, ಎಡಗಡೆಯದರ ತಲೆ ಸವೆದಿದೆ.”

ಈ ಕಸುಬಿಗೆ ಬಂದು ಹತ್ತೊಂಬತ್ತು ವರ್ಷವಾಯಿತು, ಯಾವ ಗಿರಾಕಿಯೂ ಇಷ್ಟು ಕರಾರುವಾಕ್ಕಾಗಿ ಹೇಳಿದ್ದಿಲ್ಲ. ‘ಅಗಲ ಇದೆ ಅಕ್ಕಾ, ಒಂಥರಾ ಇದೆ’ ಎನ್ನುವವರೇ ಎಲ್ಲ. ಪಿನ್ನಕ್ಕ ಹುರುಪಿನಿಂದ ಯಂತ್ರದ ಬಗೆಗಿನ ಮುಂದಿನ ಪ್ರಶ್ನೆಗೆ ನೆಗೆಯುತ್ತಾರೆ: “ಮೇಷ್ಟ್ರೇ, ಲೈಟು ಯಾವ ಬಣ್ಣದಲ್ಲಿ ಉರೀತಿದೆ?”

“ಅಕ್ಕಾ, ಉರೀತಿದೆಯೋ ಇಲ್ವೋ ಅದೇ ನಂಗೆ ಗೊತ್ತಿಲ್ಲ. ಹುಟ್ಟಿದಾಗಿಂದ ನನ್ನ ಕಣ್ಣಿಗೆ ಕರೆಂಟಿಲ್ಲ.”

ಪಿನ್ನಕ್ಕನ ಕಿವಿ ಕೆಂಪಾಗುತ್ತದೆ. ಆ ಬಣ್ಣ ಮೇಷ್ಟ್ರಿಗೆ ಕಾಣದಿದ್ದದ್ದೇ ಪುಣ್ಯ.

ಪಿನ್ನಕ್ಕನ ಅಂಗಡಿ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಮುಗಿಯುವಲ್ಲಿದೆ. ಎಂಟಡಿಗೆ ಹತ್ತಡಿ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನಲ್ಲಿ ಇನ್ನೂರ ಹದಿನಾಲ್ಕು ಲ್ಯಾಪ್‌ಟಾಪ್‌ಗಳು ಪುಸ್ತಕಗಳಂತೆ ನಿಂತಿವೆ, ಎಲ್ಲದರ ಬೆನ್ನೂ ಹೊರಕ್ಕೆ. ಅಂಟಿಸಿದ ಚೀಟಿಗಳಲ್ಲಿ ಕಂಪನಿಯ ಹೆಸರಿಲ್ಲ. ‘9 ಮುಳ್ಳು’, ‘25 ತೂತು’, ‘ಬ್ಯಾಟರಿ ಇಲ್ಲ, ಬುದ್ಧಿ ಇದೆ’. ದಿನಕ್ಕೆ ಏಳೆಂಟು ಫೋನು ಬರುತ್ತವೆ. ಕಿವಿ ಪರೀಕ್ಷೆ ಮಾಡುವವರು, ಕಸೂತಿ ಯಂತ್ರದವರು, ಲೋಹ ಕಡೆಯುವ ಲೇತ್‌ನವರು. ವಾರಕ್ಕೆ ನಾಲ್ಕು ಜೋಡಿ ಕೂಡಿಬಂದರೆ ಹೆಚ್ಚು. “ಹೆಣ್ಣು ಗಂಡು ಜೋಡಿಸೋದು ಸುಲಭ. ಇಲ್ಲಿ ಒಂದು ಪಿನ್ನು ಹೆಚ್ಚುಕಮ್ಮಿ ಆದ್ರೂ ಮಾತುಕತೆ ಮುರಿದುಬೀಳುತ್ತೆ.”

ಈ ಬೆರಳಿನ ವಿದ್ಯೆ ಬಂದದ್ದು ಕಾರ್ಖಾನೆಯಿಂದ. ಹನ್ನೊಂದು ವರ್ಷ ಅವರು ಇದೇ ಪೋರ್ಟುಗಳಿಗೆ ಪಿನ್ನು ಕೂರಿಸಿದವರು. ದಿನಕ್ಕೆ ಆರುನೂರು ಪೋರ್ಟು, ಒಂದೊಂದಕ್ಕೂ ಒಂಬತ್ತು. “ಕಣ್ಣಿಟ್ಟು ಕೂತ್ರೆ ಸಂಜೆಗೆ ಮುಗೀತಿರಲಿಲ್ಲ. ಬೆರಳಿಗೇ ಬಿಟ್ಟುಬಿಟ್ಟೆ.” ಆಮೇಲೆ ಜಗತ್ತು ಬೇರೆ ಪೋರ್ಟಿನತ್ತ ಹೊರಳಿತು, ಕಾರ್ಖಾನೆ ಬಾಗಿಲು ಹಾಕಿತು. ಎಂಟು ತಿಂಗಳು ಮನೆಯಲ್ಲಿ ಕೂತಿದ್ದಾಗ ಲೇತ್ ಯಂತ್ರದ ಮಾಲೀಕರೊಬ್ಬರು ಹುಡುಕಿಕೊಂಡು ಬಂದರು. “‘ಯಂತ್ರ ಗಟ್ಟಿಮುಟ್ಟಾಗಿದೆ ತಾಯಿ, ಅದರ ಜೊತೆ ಮಾತಾಡೋರೇ ಸತ್ತುಹೋಗಿದ್ದಾರೆ’ ಅಂದ್ರು. ಆವತ್ತೇ ಗೊತ್ತಾಯ್ತು, ನಾನು ಮಾಡಿದ್ದು ಇನ್ನೂ ಬೇಕಾಗಿದೆ ಅಂತ.”

ಮನೆಯಲ್ಲೂ ಕೇಬಲ್ಲುಗಳದ್ದೇ ದರ್ಬಾರು. ಬಟ್ಟೆಯ ಕಪಾಟಿನ ಕೆಳಗಿನ ಎರಡು ಖಾನೆ ಅವಕ್ಕೇ ಮೀಸಲು. ಎಂಬತ್ತೊಂದರ ಅತ್ತೆಗೆ ಅದರ ಬಗ್ಗೆ ತಕರಾರಿಲ್ಲ. “ನಮ್ಮ ಸೊಸೆಗೆ ಹಳೇದು ಅಂದ್ರೆ ಪ್ರಾಣ,” ಎನ್ನುತ್ತಾರೆ. “ಅದಕ್ಕೇ ನನ್ನನ್ನೂ ಎಸೆದಿಲ್ಲ.”

ಒಂಬತ್ತು ಗಂಟೆಯ ಹೊತ್ತಿಗೆ ಪಿನ್ನಕ್ಕ ಅಂಗಡಿಯ ಕಪಾಟಿನಿಂದ ಮೂರು ಲ್ಯಾಪ್‌ಟಾಪ್ ಕೆಳಗಿಳಿಸಿದ್ದಾರೆ. ಒಂದೊಂದರ ಪೋರ್ಟಿಗೂ ತಾವೇ ಮಾಡಿದ ಪುಟ್ಟ ಬಿರಡೆ ಸಿಕ್ಕಿಸುತ್ತಾರೆ. ಅದರೊಳಗೆ ಮಾತು ಹೊರಡುವ ಪಿನ್ನಿಗೂ ಕೇಳುವ ಪಿನ್ನಿಗೂ ಒಂದೇ ತಂತಿ. “ತಾನು ಆಡಿದ್ದು ತನಗೇ ಕೇಳಿಸ್ಬೇಕು. ಮನುಷ್ಯರಿಗೂ ಈ ಪರೀಕ್ಷೆ ಇಟ್ಟಿದ್ರೆ ಎಷ್ಟೋ ಜಗಳ ಇರ್ತಿರಲಿಲ್ಲ.” ಮೊದಲ ಎರಡು ಕಿವುಡು. ಮೂರನೆಯದು, ಸಿ.ಡಿ. ಹಾಕುವ ತಟ್ಟೆಯೂ ಇರುವ ದಡೂತಿ ಕರಿಯ, ಆಡಿದ್ದೆಲ್ಲ ಕೇಳಿಸಿಕೊಳ್ಳುತ್ತದೆ. ಪಿನ್ನಕ್ಕ ಅದನ್ನು ಚೀಲಕ್ಕೆ ಇಳಿಸುತ್ತಾರೆ. ಡಬ್ಬಿಯೊಳಗೆ ಕೈ ಹಾಕಿ ಒಂದು ಕೇಬಲ್ ಎಳೆದು, ತುದಿಗೆ ಬೆರಳಾಡಿಸಿ, ಒಂಬತ್ತೂ ತೂತು ಸರಿಯಿವೆಯೆಂದು ಅದನ್ನೂ ಹಾಕಿಕೊಳ್ಳುತ್ತಾರೆ.

ಶಾಲೆಯ ಮುದ್ರಣ ಯಂತ್ರಕ್ಕೆ ಬೇರೆಯೇ ಕೋಣೆ. ಯಾಕೆಂದರೆ ಅದು ಹಾಳೆಗೆ ಚುಕ್ಕಿ ಕುಟ್ಟುವ ಸದ್ದಿಗೆ ಪಕ್ಕದ ಕೋಣೆಯಲ್ಲಿ ಪಾಠ ನಡೆಯುವುದಿಲ್ಲ. ಮೇಷ್ಟ್ರು ನಲವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಅಂಗಿ, ತುಟಿಯ ತುದಿಯಲ್ಲಿ ಸದಾ ಏನೋ ಕಿತಾಪತಿ. ಬಾಗಿಲಾಚೆ ಕಾರಿಡಾರಿನಲ್ಲಿ ಹಾಸ್ಟೆಲಿನ ಮಕ್ಕಳು ಗೋಡೆಗೆ ಕಿವಿಯಿಟ್ಟು ನಿಂತಿದ್ದಾರೆ. ಶಾಲೆಯ ಕೇಬಲ್ಲಿಗೆ ಮೂರು ಕಡೆ ಟೇಪು ಸುತ್ತಿದೆ. ಪಿನ್ನಕ್ಕನಿಗೆ ಅದರ ಮೇಲೆ ನಂಬಿಕೆ ಬರುವುದಿಲ್ಲ. ತಮ್ಮದನ್ನೇ ಹಾಕುತ್ತಾರೆ, ಮೇಷ್ಟ್ರ ಸಿ.ಡಿ.ಯಿಂದ ಸಾಫ್ಟ್‌ವೇರ್ ಇಳಿಸುತ್ತಾರೆ, ಗುಂಡಿ ಒತ್ತುತ್ತಾರೆ. ಯಂತ್ರ ಕುಟ್ಟತೊಡಗುತ್ತದೆ. ಹೊರಗೆ ಚಪ್ಪಾಳೆ.

ಹಾಳೆಯ ಮೇಲೆ ಮೇಷ್ಟ್ರ ಬೆರಳು ಹರಿಯುತ್ತದೆ. ಒಂದು, ಎರಡು, ಐದು ಸಾಲು. ಆರನೆಯದರಲ್ಲಿ ನಿಲ್ಲುತ್ತದೆ. “ಮತ್ತೆ ನುಂಗ್ತು ಅಕ್ಕಾ.”

ಚಪ್ಪಾಳೆ ನಿಲ್ಲುತ್ತದೆ. ಪಿನ್ನಕ್ಕ ಪೋರ್ಟು ತಡವುತ್ತಾರೆ, ಸರಿಯಿದೆ. ಬಿರಡೆ ಹಾಕುತ್ತಾರೆ, ಸರಿಯಿದೆ. ಕೇಬಲ್ಲಿನ ಎರಡೂ ತುದಿ ತಡವುತ್ತಾರೆ, ಎಲ್ಲಾ ತೂತೂ ಇವೆ. ಗಂಟೆ ಹನ್ನೆರಡಾಗುತ್ತದೆ, ಒಂದಾಗುತ್ತದೆ. ಮೂವತ್ತು ವರ್ಷ ಕೈಬಿಡದ ಹೆಬ್ಬೆರಳು ಇವತ್ತು ಸುಳ್ಳು ಹೇಳುತ್ತಿದೆಯೇ ಎಂದು ಅದನ್ನೇ ದಿಟ್ಟಿಸಿ ನೋಡುತ್ತಾರೆ.

ಮೇಷ್ಟ್ರು ಸುಮ್ಮನೆ ಎರಡು ಕೇಬಲ್ಲುಗಳನ್ನೂ ಕೈಗೆತ್ತಿಕೊಂಡು ಹೊಸೆಯುತ್ತಾ ಕೂತಿದ್ದಾರೆ, ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು. “ಅಕ್ಕಾ, ನೀವು ಬರೀ ತುದಿ ಮುಟ್ತೀರಿ. ನಡು ಮುಟ್ಟಿ ನೋಡಿ. ನಿಮ್ಮದು ಯಾಕೆ ಇಷ್ಟು ಬಡಕಲು?”

ಪಿನ್ನಕ್ಕ ಮುಟ್ಟುತ್ತಾರೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ತುದಿಯಲ್ಲಿ ಒಂಬತ್ತು ತೂತು, ಒಳಗೆ ಓಡುವುದು ಮೂರೇ ತಂತಿ. ಯಂತ್ರ ‘ತಾಳು, ಇನ್ನೂ ಕುಟ್ಟುತ್ತಿದ್ದೇನೆ’ ಎಂದು ಹೇಳಲು ಒಂದು ತಂತಿ ಬೇಕು. ಅದೇ ಇದರಲ್ಲಿಲ್ಲ. ಅಂಗಡಿಯವನ ಅಡಾಪ್ಟರ್ ಮಾಡಿದ್ದೂ ಇದೇ ತಪ್ಪು: ಕಂಪ್ಯೂಟರು ಹೇಳುತ್ತಲೇ ಹೋಗುತ್ತದೆ, ಯಂತ್ರ ಕೈಲಾದಷ್ಟು ಬರೆದುಕೊಂಡು ಉಳಿದದ್ದನ್ನು ಬಿಡುತ್ತದೆ.

“ಮುಳ್ಳು ತೂತು ಎಣಿಸ್ತಾ ಎಣಿಸ್ತಾ ಇಷ್ಟು ವರ್ಷ ತಂತಿ ಮರೆತೆ,” ಎನ್ನುತ್ತಾರೆ ಮೆಲ್ಲಗೆ. “ಮೇಷ್ಟ್ರೇ, ನಿಮ್ಮ ಬೆರಳಿನ ಮುಂದೆ ನನ್ನದು ಇನ್ನೂ ಒಂದನೇ ಕ್ಲಾಸು.”

ಟೇಪು ಸುತ್ತಿದ ಶಾಲೆಯ ದಪ್ಪ ಕೇಬಲ್ಲನ್ನೇ ಸಿಕ್ಕಿಸಿ, ತಲೆ ಸವೆದ ತಿರುಪನ್ನು ಉಗುರಿನಿಂದ ಬಿಗಿಯುತ್ತಾರೆ. ಅಷ್ಟರಲ್ಲಿ ಮೇಷ್ಟ್ರು ಲ್ಯಾಪ್‌ಟಾಪಿನ ಕೀಲಿಮಣೆಗೆ ಕೈ ಹಾಕಿ, ಪರೀಕ್ಷೆಗೆಂದು ಒಂದೇ ಸಾಲನ್ನು ಪುಟದ ತುಂಬ ಬರುವಂತೆ ಒತ್ತುತ್ತಾರೆ. ಯಂತ್ರ ಐದನೇ ಸಾಲು ದಾಟುತ್ತದೆ, ಹತ್ತು ದಾಟುತ್ತದೆ, ಹಾಳೆ ಮುಗಿಸಿ ಉಗುಳುತ್ತದೆ.

ಪಿನ್ನಕ್ಕನಿಗೆ ಬ್ರೈಲ್ ಬಾರದು. ಅವರ ಕಣ್ಣಿಗೆ ಕಾಣುವುದು ಬರೀ ಉಬ್ಬುಚುಕ್ಕಿ. ಹಾಗಾಗಿ ಮೇಷ್ಟ್ರ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಬೆರಳು ಹರಿಯುತ್ತದೆ, ಹರಿದಂತೆಲ್ಲ ಮೇಷ್ಟ್ರ ಮುಖ ಇಳಿಯುತ್ತದೆ. ಹಾಳೆಯ ಕೊನೆ ಮುಟ್ಟುವ ಹೊತ್ತಿಗೆ ಅವರು ತಲೆ ತಗ್ಗಿಸಿ ನಿಟ್ಟುಸಿರು ಬಿಡುತ್ತಾರೆ.

ಪಿನ್ನಕ್ಕ ಸ್ಟೂಲಿನ ಮೇಲೆ ಕುಸಿಯುತ್ತಾರೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. “ಇನ್ನೂರ ಹದಿಮೂರು ಉಳಿದಿವೆ ಮೇಷ್ಟ್ರೇ, ಎಲ್ಲಾ ತಂದು ಜೋಡಿಸ್ತೀನಿ. ನನಗೆ ದೊಡ್ಡ ಆಸೆ ಏನಿಲ್ಲ, ನಾಳೆ ಆ ಮಕ್ಕಳು ತಾವೇ ಓದ್ಕೊಂಡ್ರೆ ಸಾಕು.” ಆಮೇಲೆ ಹಾಳೆಯತ್ತ ಬಾಗಿ: “ಏನಂತ ಬಂದಿದೆ ಅದರಲ್ಲಿ?”

ಮೇಷ್ಟ್ರು ಹಾಳೆಯ ಮೇಲೆ ಮತ್ತೆ ಬೆರಳಿಡುತ್ತಾರೆ. ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಓದುತ್ತಾರೆ. ಬರುವ ದನಿ ಅವರದಲ್ಲ. ಬೆಳಗಿನ ಗುಜರಿ ಅಂಗಳದ್ದು, ಹುರುಪಿನದು, ಸಾಕ್ಷಾತ್ ಪಿನ್ನಕ್ಕನದು:

“‘ಮೇಷ್ಟ್ರೇ, ಲೈಟು ಯಾವ ಬಣ್ಣದಲ್ಲಿ ಉರೀತಿದೆ?’ ಇಪ್ಪತ್ತೈದು ಸಾಲೂ ಇದೇ ಇದೆ ಅಕ್ಕಾ. ಒಂದಕ್ಷರ ನುಂಗಿಲ್ಲ.”

ಕಾರಿಡಾರಿನ ಮಕ್ಕಳು ಘೊಳ್ಳೆಂದು ನಗುತ್ತಾರೆ. ಮೇಷ್ಟ್ರು ಪ್ರಶ್ನೆಪತ್ರಿಕೆಗೆ ಗುಂಡಿ ಒತ್ತುತ್ತಾರೆ. ಕೋಣೆ ನಡುಗುವಂತೆ ಯಂತ್ರ ಕುಟ್ಟತೊಡಗುತ್ತದೆ, ಹಾಳೆಯ ಮೇಲೆ ಹಾಳೆ. ಆ ಸದ್ದಿನಲ್ಲಿ ಮಕ್ಕಳ ನಗು ಮುಳುಗುತ್ತದೆ, ಮೇಷ್ಟ್ರದೂ ಮುಳುಗುತ್ತದೆ. ಮುಳುಗದೆ ಮೇಲೆ ಕೇಳಿಸುತ್ತಿರುವುದು ಒಂದೇ ನಗು. ಸ್ಟೂಲಿನ ಮೇಲೆ ಹೊಟ್ಟೆ ಹಿಡಿದು ಬಾಗಿ, ಕಣ್ಣು ಮುಚ್ಚಿಕೊಂಡು, ಪಿನ್ನಕ್ಕ ನಗುತ್ತಿದ್ದಾರೆ.