ಅಜ್ಜಿ ಬೆರಳು ಚಿವುಟುವುದೇಕೆ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ, ಅಂದರೆ ತೊಂಬತ್ತರ ದಶಕದಲ್ಲಿ, ನಮ್ಮ ಅಪ್ಪ ಬಾವಿಯ ತಳದ ಬಂಡೆಗೆ ತೂತು ಕೊರೆಯುತ್ತಿದ್ದ. ಶಿರಸಿಯಿಂದ ಬನವಾಸಿ ಕಡೆಗೆ ಎಲ್ಲಿ ಬಾವಿ ತೋಡಿದರೂ ಮೇಲೆ ಟ್ರ್ಯಾಕ್ಟರಿನ ಕಂಪ್ರೆಸರ್ ಅಬ್ಬರಿಸುತ್ತಿತ್ತು, ಕೆಳಗೆ ಅಪ್ಪ ಅದರ ಗಾಳಿಯ ಒತ್ತಡದಿಂದ ಓಡುವ ಕೊರೆಯುವ ಯಂತ್ರವನ್ನು ಹೊಟ್ಟೆಗೊತ್ತಿಕೊಂಡು ನಿಂತಿರುತ್ತಿದ್ದ. ಅದು ಅವನ ಹಲ್ಲು, ಮೂಳೆ, ಕಣ್ಣುಗುಡ್ಡೆಗಳನ್ನೆಲ್ಲ ಅಲುಗಾಡಿಸುತ್ತಿತ್ತು. ಮನೆಗೆ ಬಂದು ಊಟಕ್ಕೆ ಕುಳಿತರೂ ಕೈ ನಡುಗಿ ಸಾರು ಚೆಲ್ಲುತ್ತಿತ್ತು. ಆ ಯಂತ್ರವನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಳಿಗಾಲದ ಬೆಳಿಗ್ಗೆ ಅಪ್ಪನ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿದ್ದವು. ಥಂಡಿ ಎಂದುಕೊಂಡೆವು. ಥಂಡಿಗೆ ನಮ್ಮಲ್ಲಿ ಒಂದೇ ಮದ್ದು, ಬಚ್ಚಲ ಒಲೆ. ಹಂಡೆಯಲ್ಲಿ ನೀರು ಕಾಯುವಾಗ ಅಪ್ಪ ಉರಿಗೆ ಕೈ ಹಿಡಿದು ಕೂರುತ್ತಿದ್ದ.

ಒಂದು ಬೆಳಿಗ್ಗೆ ಬಚ್ಚಲಿನಿಂದ ಕೂದಲು ಸುಟ್ಟ ವಾಸನೆ ಬಂತು, ಅದರ ಹಿಂದೆಯೇ ಮಾಂಸ ಸುಟ್ಟ ವಾಸನೆ. ಮದುವೆಯ ವಯಸ್ಸಿನ ನನ್ನ ಅಕ್ಕ ಓಡಿದಳು, ಹಿಂದೆ ನಾನು. ಅಪ್ಪನ ಬೆರಳುಗಳು ಉರಿಯುವ ಕೊಳ್ಳಿಗೆ ಅಂಟಿಕೊಂಡಿದ್ದವು. ಅವನು ಎತ್ತಲೋ ನೋಡುತ್ತ ಹಾಯಾಗಿ ಕುಳಿತಿದ್ದ.

“ಅಪ್ಪಾ, ಕೈ ತಗೀ! ಸುಡಾಕತ್ತೈತಿ!” ಎಂದು ಕಿರುಚಿ ಅಕ್ಕ ಅವನನ್ನು ಹಿಂದಕ್ಕೆಳೆದಳು.

ಅಪ್ಪ ಚರ್ಮ ಸುಲಿದ ತನ್ನ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದ. “ನನಗ ಗೊತ್ತಾಗ್ಲೇ ಇಲ್ಲ ಮಗಳ,” ಎಂದ.

ಅಷ್ಟರಲ್ಲಿ ಅವನನ್ನು ಕೆಲಸಕ್ಕೆ ಕರೆದೊಯ್ಯಲು ಟ್ರ್ಯಾಕ್ಟರ್ ಬಂತು. ಯಂತ್ರದ ಮಾಲೀಕ ಬಚ್ಚಲಿಗೇ ನುಗ್ಗಿ, “ಥಂಡಿ ಅಷ್ಟ. ಮಷಿನ್ ಹಿಡದ್ರ ಬೆಚ್ಚಗಾಗತೈತಿ, ನಡಿ,” ಎನ್ನುತ್ತ ಅಪ್ಪನ ರಟ್ಟೆ ಹಿಡಿದೆಳೆದ. ಅಕ್ಕ ಒಲೆಯ ಕೊಳ್ಳಿಯನ್ನೇ ಕಿತ್ತು ಅವನ ಮೊಣಕೈಗೆ ಬಾರಿಸಿದಳು. ಅವನು ತಿರುಗಿ ಕೊಟ್ಟ ಏಟಿಗೆ ಅಕ್ಕ ಹಂಡೆಗೆ ಬಡಿದು ಬಿದ್ದಳು. ಹುಬ್ಬು ಒಡೆದು ರಕ್ತ ಸುರಿಯಿತು.

ಅಪ್ಪ ಅವನ ಕೊರಳಪಟ್ಟಿಗೆ ಕೈ ಹಾಕಿದ. ಬಂಡೆ ಕೊರೆದ ಆ ಬೆರಳುಗಳಿಗೆ ಬಟ್ಟೆ ಹಿಡಿಯಲಾಗಲಿಲ್ಲ, ಜಾರಿದವು. ಮತ್ತೆ ಹಾಕಿದ, ಮತ್ತೆ ಜಾರಿದವು. ಕೊನೆಗೆ ತಲೆಯಿಂದಲೇ ಅವನ ಮುಖಕ್ಕೆ ಗುದ್ದಿದ. ಮಾಲೀಕ ಹಲ್ಲು ಮುರಿದ ಬಾಯಿ ಮುಚ್ಚಿಕೊಂಡು ಹೊರಗೋಡಿದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ಶಿರಸಿಯ ಡಾಕ್ಟರು ಅಪ್ಪನ ಬೆರಳಿಗೆ ಸೂಜಿ ಚುಚ್ಚಿದರು. ಅಪ್ಪ ಮಿಸುಕಲಿಲ್ಲ.

“ಇದು ಥಂಡಿಯಲ್ಲ. ಮಷಿನ್ ನಡುಗಿ ನಡುಗಿ ಕೈಯ ನರ, ರಕ್ತನಾಳ ಎಲ್ಲ ಕೆಡಿಸಿದೆ. ಇನ್ನು ಅದನ್ನ ಮುಟ್ಟಬೇಡಿ,” ಎಂದರು.

ಅಪ್ಪ ಮುಟ್ಟಲಿಲ್ಲ. ಆದರೂ ಆ ಬೆರಳುಗಳು ಪೂರ್ತಿ ಸರಿಹೋಗಲಿಲ್ಲ. ಅವನ ಅಂಗಿಯ ಗುಂಡಿಗಳನ್ನು ಮದುವೆಯಾಗುವವರೆಗೆ ಅಕ್ಕ ಹಾಕಿದಳು, ಆಮೇಲೆ ನಾನು.

ಆ ಅಕ್ಕನೇ ನಿಮ್ಮ ಅಜ್ಜಿ. ಅವಳ ಮೊಮ್ಮಕ್ಕಳಾದ ನೀವು ತಲೆ ನರೆಯುವ ಮೊದಲೇ ನನ್ನನ್ನೂ ಅಜ್ಜನನ್ನಾಗಿ ಮಾಡಿಬಿಟ್ಟಿರಿ! ಈಗ ಬಾವಿಯ ಬದಲು ಬೋರ್‌ವೆಲ್, ಬಚ್ಚಲೊಲೆಯ ಬದಲು ಗೀಸರ್. ನಿಮ್ಮ ಅಪ್ಪ ಗಡಗಡ ನಡುಗುವ ಹುಲ್ಲು ಕತ್ತರಿಸುವ ಯಂತ್ರ ಹಿಡಿಯುವಾಗ ಕೈಗವಸು ಹಾಕಿಕೊಳ್ಳುತ್ತಾನೆ. ಆದರೂ ಸ್ವಲ್ಪ ಹೊತ್ತಿಗೇ ಅಜ್ಜಿ ಹೋಗಿ ಯಂತ್ರ ನಿಲ್ಲಿಸಿ, ಕೈಗವಸು ಕಿತ್ತು, ಮಗನ ಬೆರಳುಗಳನ್ನು ಒಂದೊಂದಾಗಿ ಚಿವುಟುತ್ತಾಳೆ. ನೀವು ಬಿದ್ದು ಬಿದ್ದು ನಗುತ್ತೀರಿ. ಅವನು “ಅಯ್ಯೋ” ಎಂದು ಕೂಗುವವರೆಗೂ ಅವಳು ಬಿಡುವುದಿಲ್ಲ.