ಬಟ್ಟೆ ಒಗೆಯುವ ಕಲ್ಲಿನ ಓದು

ಅಟ್ಟದಿಂದ ಡೈರಿ ಇಳಿಸುವಾಗ ಶಾಸನದ ಅಚ್ಚಿನ ಹಾಳೆಯ ಸುರುಳಿಯೊಂದು ತಲೆ ಮೇಲೆ ಬಿತ್ತು. ಮಸಿಯ ಜೊತೆ ಬಟ್ಟೆ ಸೋಪಿನ ವಾಸನೆಯೂ ಬಂದಂತಾಯಿತು. ನೀವು ನಂಬಬೇಡಿ. ಮೂವತ್ತು ವರ್ಷ ವಾಸನೆ ಉಳಿಯುವ ಸೋಪು ಅರಸೀಕೆರೆ ಸಂತೆಯಲ್ಲಂತೂ ಸಿಗುತ್ತಿರಲಿಲ್ಲ.

ಈ ಭಾನುವಾರ ಹಳೇಬೀಡಿನಲ್ಲಿ ನಮ್ಮ ಪ್ರೊಫೆಸರಿಗೆ ಸನ್ಮಾನ. ಶಾಸನ ಓದುತ್ತಿದ್ದವರು ಚುನಾವಣೆಗೆ ನಿಂತರು, ಸೋತರು, ಮತ್ತೆ ನಿಂತು ಗೆದ್ದರು. ಗೆದ್ದ ಮೇಲೆ ಮಂತ್ರಿಗಳ ಭಾಷಣದಲ್ಲಿ ತಪ್ಪು ಹುಡುಕುವ ಚಟ ಹತ್ತಿತು. ಅದನ್ನು ತಾಳಲಾರದೆ ಪಕ್ಷದವರು ಅವರನ್ನು ರಾಯಭಾರಿ ಮಾಡಿಸಿ, ಕನ್ನಡವೇ ಕಿವಿಗೆ ಬೀಳದ ಯಾವುದೋ ಹಿಮದ ದೇಶಕ್ಕೆ ಸಾಗಹಾಕಿದರು. ನಾನು ಅವರ ಶಿಷ್ಯ. ಎಲ್ಲ ಸನ್ಮಾನಗಳಲ್ಲೂ ಅವರು ಮೊದಲ ಸಲ ಸೋತ ಕತೆ ಹೇಳುವವನು.

ಕತೆ ಇಷ್ಟು. ಕಣಕಟ್ಟೆ ಕಡೆಯ ಒಂದು ಹಳ್ಳಿಗೆ ಓಟು ಕೇಳಲು ಹೋಗಿದ್ದೆವು. ರಂಗಜ್ಜಿ ಎಂಬಾಕೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಮಗ್ಗುಲಲ್ಲಿ ಅಕ್ಷರ ಕಂಡದ್ದೇ ಸಾರ್‌ಗೆ ಓಟು ಮರೆತುಹೋಯಿತು. ಜೀಪಿನಲ್ಲಿ ಸದಾ ಇರುತ್ತಿದ್ದ ಸಾಮಾನು ತಂದು, ಕಲ್ಲು ಮಗುಚಿಸಿ, ಒದ್ದೆ ಹಾಳೆ ಹಾಸಿ, ಬ್ರಶ್‌ನಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆದೆವು. ಊರೇ ನೆರೆಯಿತು.

"ನಮ್ ಕಲ್ನಾಗೆ ಏನೈತೆ, ಓದ್ಬುಡಿ ಸಾಮಿ" ಎಂದಳು ಅಜ್ಜಿ.

ನಾನು "ಬೇಡ ಸಾರ್" ಎಂದು ಅಂಗಿ ಜಗ್ಗಿದೆ. ಅವರು ಕೇಳದೆ ಗಟ್ಟಿಯಾಗಿ ಓದಿದರು: ಈ ಊರಿನ ಕೆರೆಯೂ ಅದರ ಕೆಳಗಿನ ಗದ್ದೆಯೂ ಪಕ್ಕದೂರಿನ ದೇವರಿಗೆ ಬಿಟ್ಟದ್ದು. ಆ ಕೆರೆಗಾಗಿಯೇ ಎರಡೂ ಊರಿನವರು ಕೈಕೈ ಮಿಲಾಯಿಸುತ್ತಿದ್ದ ಕಾಲ.

"ಏನ್ಲಾ, ಓಟ್ ಕೇಳಕ್ ಬಂದೋನು ಕೆರೆನೇ ಕಿತ್ಕೊಂಡ್ ಹೋಯ್ತಾವ್ನಲ್ಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾವು ಜೀಪು ಹತ್ತಿದ ವೇಗದಲ್ಲಿ ಬ್ರಶ್ಶು ಅಲ್ಲೇ ಉಳಿಯಿತು.

ನಾನು ಅಂಗಿ ಜಗ್ಗುವುದನ್ನು ಅಭಿನಯಿಸುವಾಗ ಸಭೆ ಬಿದ್ದು ಬಿದ್ದು ನಗುತ್ತದೆ. ಸಾರ್ ವೇದಿಕೆ ಮೇಲೆ ತಲೆ ತಗ್ಗಿಸಿ ಮುಗುಳ್ನಗುತ್ತಾರೆ.

ಭಾಷಣಕ್ಕೆ ತಾರೀಖು ಬೇಕಿತ್ತು ಅಂತ ಆ ವರ್ಷದ ಡೈರಿ ತೆರೆದೆ. ನನ್ನದೇ ವಕ್ರ ಅಕ್ಷರ: "ಸಾರ್ ಓದಿ ನೋಡಿ ಬೆವತರು. ಸುತ್ತಿಡು, ಚುನಾವಣೆ ಮುಗೀಲಿ ಎಂದರು. ವಿದ್ವಾಂಸರು ಮುಚ್ಚಿಡಬಾರದು ಸಾರ್ ಎಂದೆ. ಓದಿದರು."

ಎರಡು ಸಲ ಓದಿದೆ. ಅಂಗಿಯ ಸುದ್ದಿಯೇ ಇಲ್ಲ. ನನಗೋ, ಆ ಅಂಗಿಯ ಬಟ್ಟೆ ಇವತ್ತಿಗೂ ಬೆರಳಿಗೆ ತಾಕುತ್ತದೆ!

ಫೋನ್ ಮಾಡಿದೆ. "ಸಾರ್, ಅವತ್ತು ಓದಿ ಅಂದದ್ದು ನಾನೇ ಅಂತೆ."

"ಹೌದು ಕಣಯ್ಯ."

"ನಿಮಗೆ ಗೊತ್ತಿತ್ತಾ? ಮತ್ತೆ ಇಷ್ಟು ವರ್ಷ ಸುಮ್ಮನೆ ಕೂತಿದ್ರಲ್ಲ?"

"ಒಂದ್ಸಲ ಸುಮ್ನಿರದೆ ಸೋತಿದ್ನಲ್ಲ" ಎಂದು ನಕ್ಕರು. "ಭಾನುವಾರಾನೂ ಹಳೇ ಥರಾನೇ ಹೇಳು. ಜನಕ್ಕೆ ಆ ಅಂಗಿ ಇಷ್ಟ. ಡೈರಿ ಗೀರಿ ಓದೋಕೆ ಹೋಗ್ಬೇಡ."

ಓದುತ್ತೇನೆ. ಚಪ್ಪಾಳೆ ಬೀಳಲಿಕ್ಕಿಲ್ಲ. ಆದರೆ ಈ ಸಲವೂ ಬೇಡ ಎಂದವರು ಅವರು, ಓದಬೇಕು ಎಂದವನು ನಾನು. ಮರೆಯುವ ಮೊದಲೇ ಈ ವರ್ಷದ ಡೈರಿಯ ಇವತ್ತಿನ ಪುಟದಲ್ಲಿ ಬರೆದಿಟ್ಟಿದ್ದೇನೆ.