ಹಲಗೇರಿಯ ಡಬ್ಬಿ ಹುಡುಕಿ ಬಂದವರು

ಗೆಳೆಯರೇ, ಮತ್ತೆ ನನ್ನ ಜಿಯೋಕ್ಯಾಶಿಂಗ್ ಹುಚ್ಚಿನ ಸುದ್ದಿಯೇ. ಒಂದು ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಆ್ಯಪ್‌ಗೆ ಹಾಕಬೇಕು, ಯಾರೋ ಅಪರಿಚಿತರು ಫೋನ್ ಹಿಡಿದು ಹುಡುಕಿಕೊಂಡು ಬರಬೇಕು, ಇಷ್ಟೇ ಆಟ. ಹಲಗೇರಿಯ ಶಿವಪ್ಪ ಕಾಕಾನ ಒಪ್ಪಿಗೆ ಪಡೆದು ಅವರ ಹೊಲದ ಕಲ್ಲೊಡ್ಡಿನಲ್ಲಿ ಡಬ್ಬಿ ಇಟ್ಟು ವರ್ಷವಾಯಿತು. ಒಬ್ಬರೂ ಬಂದಿಲ್ಲ.

ಇವತ್ತು ಬೆಳಿಗ್ಗೆ ಕಾಕಾ ಫೋನ್ ಮಾಡಿದರು. "ಲಗೂ ಬಾರವ್ವಾ, ನಿನ್ನ ಮಂದಿ ಬಂದಾರ! ಫೋನ್ ನೋಡ್ಕೋತ ಒಡ್ಡಿನ ಮ್ಯಾಲೆ ಅಡ್ಡಾಡಾಕತ್ತಾರ."

ರಾಣೇಬೆನ್ನೂರಿನಿಂದ ಸ್ಕೂಟರ್ ಹತ್ತಿ ಓಡಿದೆ. ಅವರ ಹತ್ತಿರ ಮೊದಲು ಏನು ಮಾತಾಡಲಿ ಎಂದು ದಾರಿಯುದ್ದಕ್ಕೂ ಯೋಚನೆ. ಕಾಕಾ ಇಬ್ಬರನ್ನು ಬೇವಿನ ನೆರಳಲ್ಲಿ ಕೂರಿಸಿ ಮಂಡಕ್ಕಿ ಮಿರ್ಚಿ ಕೊಟ್ಟಿದ್ದರು.

"ಡಬ್ಬಿ ಸಿಕ್ತೇನ್ರಿ?" ಎಂದೆ.

"ಯಾವ ಡಬ್ಬಿರಿ ಮೇಡಂ? ನಾವು ಕರೆಂಟ್ ಲೈನ್ ಸರ್ವೆಗೆ ಬಂದೇವ್ರಿ."

ಅವರು ಹೋದ ಮೇಲೆ ಕಾಕಾ ನನ್ನ ಮುಖ ನೋಡಿದರು. "ಆ ಕಡೆ ತಿರುಗಿ ಕುಂದ್ರು" ಎಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು, "ಡಬ್ಬಿ ಬ್ಯಾರೆ ಕಡೆ ಮುಚ್ಚಿಟ್ಟೇನಿ. ಈಗ ನೀನ ಹುಡುಕು" ಎಂದರು.

ನನಗಾಗಿ ಯಾರೂ ಎಂದೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಬಿಸಿಲಲ್ಲಿ ಒಡ್ಡಿನ ಸಂದುಗಳನ್ನೆಲ್ಲ ತಡಕಾಡಿದೆ. "ಇನ್ನೊಂಚೂರು ಬಲಕ್ಕ ಹೋಗು" ಎನ್ನುತ್ತಾ ಕಾಕಾ ನಗುತ್ತಿದ್ದರು. ಡಬ್ಬಿ ಕೈಗೆ ಸಿಕ್ಕಾಗ ಯಾಕೋ ಕಣ್ಣು ತುಂಬಿತು.

"ಇನ್ನೊಮ್ಮೆ ಮುಚ್ಚಿಡ್ಲೇನು?"

"ಇಡ್ರಿ ಕಾಕಾ."

ನಿಮ್ಮಲ್ಲಿ ಯಾರಾದರೂ ಬರುವುದಿದ್ದರೆ ಆ್ಯಪ್ ನಂಬಬೇಡಿ, ಕಾಕಾನನ್ನೇ ಕೇಳಿ. ಆದರೆ ಬನ್ನಿ.